ಹೆಗಲ ಮೇಲಿನ ಹಾಲವಾಣ

ಇದನ್ನು ಹೇಳಬೇಕೆಂದು ಕುಳಿತು, ಹೇಳದೆ ಎದ್ದುಹೋದದ್ದು ಎಷ್ಟು ಸಲವೋ. ಮೊದಲು ಮಕ್ಕಳ ಮದುವೆ ಮುಗಿಯಲಿ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದುಕೊಂಡೆ. ಎರಡೂ ಮುಗಿದವು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಾಣುವುದರಲ್ಲಿ ಮೊಗಲಪ್ಪನ ಹೆಗಲೂ ಒಂದು.

ಅವನ ಬಲ ಹೆಗಲು ಎಡಕ್ಕಿಂತ ತಗ್ಗಾಗಿತ್ತು. ಅದರ ಮೇಲೆ ನೊಗ ಹೊತ್ತ ಎತ್ತಿಗೆ ಬರುವಂಥ ದಡ್ಡು ಬಿದ್ದಿತ್ತು. ನಡೆಯುವಾಗ ಆ ಕಡೆಗೇ ವಾಲುತ್ತಿದ್ದ. ಹೆಗಲ ಮೇಲೆ ಏನೂ ಇಲ್ಲದಾಗಲೂ ಏನೋ ಇದ್ದಂತೆ ಕತ್ತನ್ನು ಒಂದಿಷ್ಟು ಓರೆ ಮಾಡಿಕೊಂಡೇ ಇರುತ್ತಿದ್ದ. ಅವನು ಹೊರುತ್ತಿದ್ದದ್ದು ಹಾಲಗಂಬ.

ನಮ್ಮ ಊರು ಚಿಂಚೋಳಿ ತಾಲೂಕಿನಲ್ಲಿ, ಕೊಂಚಾವರಂ ಕಾಡಿನ ಅಂಚಿಗೆ ಇದೆ. ನಮ್ಮಲ್ಲಿ ಮದುವೆಯ ಹಂದರಕ್ಕೆ ನೆಡುವ ಮೊದಲ ಕಂಬ ಹಸಿ ಹಾಲವಾಣದ್ದೇ ಆಗಬೇಕು. ಅದಕ್ಕೆ ಹಾಲು ತುಪ್ಪ ಎರೆದು, ಅರಿಷಿಣದ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ, ಮಾವಿನ ತೊಪ್ಪಲು ಸುತ್ತಿ ಬಾಗಿಲ ಮುಂದೆ ನಿಲ್ಲಿಸಿದ ಮೇಲೆಯೇ ಉಳಿದ ಕೆಲಸ. ಕಾಡಿನಿಂದ ಕಂಬ ಕಡಿದು ತರುವವನು ಅಂದು ಮುಂಜಾನೆಯಿಂದ ಉಪವಾಸ ಇರಬೇಕು. ಕಡಿದ ಕಂಬವನ್ನು ಮದುವೆಮನೆಯ ಗುಂಡಿಗೆ ಇಳಿಸುವ ತನಕ ನೆಲಕ್ಕೆ ತಾಗಿಸಬಾರದು. ಕುಡಿದವನು ಅದನ್ನು ಮುಟ್ಟಲೇಬಾರದು. ಸುತ್ತಲಿನ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಮೊಗಲಪ್ಪನೇ ಆಗಬೇಕಿತ್ತು. ಸೇಡಂ, ಚಿತ್ತಾಪುರದಿಂದಲೂ ಜನ ಅವನಿಗೆ ಹೇಳಿಕಳಿಸುತ್ತಿದ್ದರು. ಉಳಿದ ದಿನ ಅವನು ಎಲ್ಲರಂತೆ ಕೂಲಿಯವನು. ಕಂಬ ಹೊತ್ತ ದಿನ ಗೌಡರು ಎದುರಿಗೆ ಬಂದರೂ ಅವನು ದಾರಿ ಬಿಡುತ್ತಿರಲಿಲ್ಲ, ಅವರೇ ಬಿಡಬೇಕಾಗಿತ್ತು.

ಒಮ್ಮೆ ಸೇಡಮಿನ ಒಂದು ಮದುವೆಗೆ ಅವನ ಜೊತೆ ನಾನೂ ಹೊರಟಿದ್ದೆ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ತಡೆದ.

"ಏ ಅಣ್ಣಾ, ಆ ಕಟ್ಟಿಗಿ ಟಾಪ್ ಮ್ಯಾಲ ಒಗಿ."

"ಒಗೀಲಿಕ್ಕ ಇದೇನು ಜ್ವಾಳದ ಚೀಲ ಅದೇನ್ರಿ? ಮದುಮಗಳ ಗಂಬ ಅದ. ಇದು ಬಿದ್ರ ಆ ಹುಡುಗಿ ಸಂಸಾರ ಬೀಳ್ತದ. ನಿಮ್ಮ ಬಸ್ಸಿನ ಹೆಸರೂ ಕೆಡ್ತದ."

"ಹಂಗಾರ ಅದಕ್ಕೂ ಟಿಕೆಟ್ ತಗೋ."

"ಅರ್ಧ ಟಿಕೆಟ್ ಕೊಡ್ರಿ ಸಾಹೇಬ್ರ. ಇನ್ನಾ ಸಣ್ಣದದ, ಹಸೀದದ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕು ಸುಮ್ಮನಾದ. ಮೊಗಲಪ್ಪ ಕಂಬದ ತುದಿಯನ್ನು ಕಿಟಕಿಯಿಂದ ಹೊರಗೆ ಹಾಕಿ, ಬುಡವನ್ನು ಹೆಗಲ ಮೇಲಿಟ್ಟುಕೊಂಡು ಸೇಡಮಿನ ತನಕ ನಿಂತೇ ಬಂದ. ಖಾಲಿ ಸೀಟು ಇತ್ತು. ಕುಂದ್ರು ಅಂದರೆ, "ನಾ ಕುಂತ್ರ ಇದು ಎಲ್ಲಿ ಕುಂದ್ರಬೇಕು?" ಎಂದ.

ಅವನ ಮಾತಿನ ಮೇಲೆ ಯಾರಿಗೂ ಭರವಸೆ ಇರಲಿಲ್ಲ, ಇದನ್ನೂ ಹೇಳಬೇಕು. ಬಂಡಲ್ ಬಿಡುವುದರಲ್ಲಿ ಅವನ ಸಮ ಇನ್ನೊಬ್ಬನಿರಲಿಲ್ಲ. ಚಂದ್ರಂಪಳ್ಳಿ ಹಿನ್ನೀರಿನ ಹತ್ತಿರ ಕಂಬ ಹೊತ್ತು ಬರುವಾಗ ಚಿರತೆ ಎದುರಾಯಿತಂತೆ. "ಮದುವಿಗಿ ಬರ್ತೀಯೇನಪಾ ಅಂದೆ. ಸಿಹಿ ಊಟೋ ಖಾರದ ಊಟೋ ಅಂತು. ಹೋಳಿಗಿ ಅಂದೆ. ಮಾರಿ ತಿರುವಿ ಹೋತು." ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. 'ಮೊಗಲ್ಯಾನ ಮಾತು, ಅರ್ಧ ಸೋಸಿ ಕೇಳ್ರಿ' ಎಂಬುದು ಊರಿನ ಗಾದೆಯೇ ಆಗಿತ್ತು. ಅವನಿಗೂ ಅದು ಗೊತ್ತಿತ್ತು. "ಅರ್ಧಾ ಸೋಸ್ತಾರಂತ ನಾ ಡಬ್ಬಲ್ ಹೇಳ್ತೀನಿ. ಲೆಕ್ಕ ಬರೋಬ್ಬರಿ ಆಗ್ತದ," ಎನ್ನುತ್ತಿದ್ದ.

ಹಾಲವಾಣದ ವಿಷಯ ಬಂದರೆ ಮಾತ್ರ ಅವನು ತಮಾಷೆಯಲ್ಲೂ ಸುಳ್ಳು ಹೇಳುತ್ತಿರಲಿಲ್ಲ. ಹಗುರಾದ ಮರ ಅದು. ತೊಟ್ಟಿಲಿಗೆ ಕಟ್ಟುವ ಗಿಳಿಗಳನ್ನು ಅದರಲ್ಲೇ ಕೆತ್ತುತ್ತಾರೆ. ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಅದರದೇ ಬೆಂಡು. ತೊಪ್ಪಲು ಆಡುಗಳಿಗೆ ಪ್ರೀತಿ. ಒಲೆಗೆ ಇಟ್ಟರೆ ಹೊಗೆಯೇ ಹೊರತು ಉರಿಯಿಲ್ಲ. "ಹುಟ್ಟಿದಾಗ ಗಿಳಿ, ಬೆಳೆದಾಗ ಬೆಂಡು, ಮದುವ್ಯಾಗ ಗಂಬ. ಸತ್ತಾಗಷ್ಟೇ ಕೆಲಸಕ್ಕ ಬರಂಗಿಲ್ಲ ನೋಡು, ಹೆಣ ಸುಡಲ್ಲ ಅದು. ಅದಕ್ಕೇ ಅದು ಮದುವಿ ಗಿಡ," ಎಂದು ಅವನೇ ಹೇಳಿದ್ದ.

ಅವನ ಸ್ವಂತ ಮದುವೆಯ ಕಂಬ ಅಂಗಳದಲ್ಲಿ ಚಿಗುರಿ ಮರವಾಗಿತ್ತು. ಆ ಮರದ ಹಿಂದೆ ಒಂದು ಆಣೆ ಇತ್ತು. ಅವನ ಹೆಂಡತಿಯ ತಂದೆ ಸಿಂದಿ, ಸಾರಾಯಿ ಕುಡಿದು ಕುಡಿದೇ ಸತ್ತವನು. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳು ತಲೆ ಎತ್ತಿ, ಕುಡಿಯುವುದಿಲ್ಲವೆಂದು ಕಂಬ ಹಿಡಿದು ಆಣೆ ಮಾಡಲಿ, ಇಲ್ಲದಿದ್ದರೆ ನಾನು ಏಳುತ್ತೇನೆ ಎಂದಳಂತೆ. ಬೀಗರು ಬಾಯಿ ಮಾಡಿದರು. ಮೊಗಲಪ್ಪ ಎದ್ದುಹೋಗಿ ಕಂಬ ಹಿಡಿದು ಆಣೆ ಮಾಡಿದ. ಆ ಆಣೆಯನ್ನು ಅವನು ಕಾಯ್ದದ್ದನ್ನು ನಾನು ಕಂಡಿದ್ದೇನೆ. ಕೆಲಸ ಮುಗಿಸಿ ಉಳಿದವರೆಲ್ಲ ಸಾರಾಯಿ ಅಂಗಡಿಯ ಕಡೆ ತಿರುಗಿದರೆ ಅವನು ಹಾದಿಯಲ್ಲಿ ಕುಳಿತು ಬೀಡಿ ಸೇದುತ್ತಾ ಕಾಯುತ್ತಿದ್ದ.

ಹೆಂಡತಿಯ ಹೆಸರನ್ನು ಅವನು ಬಾಯಿಂದ ಹೇಳಿದವನಲ್ಲ. ನಮ್ಮಲ್ಲಿ ಅದು ರೂಢಿ. ಯಾರದೋ ಮದುವೆಯಲ್ಲಿ ಹೆಂಗಸರು ಅವನನ್ನು ಸುತ್ತುಗಟ್ಟಿ, ಹೆಸರು ಹೇಳು ಇಲ್ಲದಿದ್ದರೆ ಊಟವಿಲ್ಲ ಎಂದು ಪಟ್ಟು ಹಿಡಿದರು. ಬೆಳಗಿನಿಂದ ಉಪವಾಸ ಇದ್ದವನು. ಆದರೂ ಹೆಸರು ಹೇಳಲಿಲ್ಲ, ಒಡಪು ಹಾಕಿದ: "ಕಾಡಿಗಿ ಹೋದೆ ಗಂಬಾ ತಂದೆ, ಗಂಬದ ಕೆಳಗ ಗಂಟ ಬಿದ್ದೆ, ಹೆಸರಾ ಕೇಳಿದ್ರ ಗಂಬಕ್ಕ ಕೇಳ್ರಿ!" ಅವಳು ಅಲ್ಲೇ ನಿಂತಿದ್ದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಹುಚ್ಚಪ್ಯಾಲಿ" ಎಂದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಆ ದಿನ. ಆಮೇಲೂ ನಕ್ಕಿರಬೇಕು, ನನಗೆ ನೆನಪಿಲ್ಲ.

ನಾನು ಮ್ಯಾಟ್ರಿಕ್ ತನಕ ಓದಿದವನು. ಶಹಾಬಾದಿನ ಕಡೆ ಒಂದು ಕಲ್ಲಿನ ಗಣಿಯಲ್ಲಿ ಮುಕದಮನಾಗಿದ್ದೆ. ಕೂಲಿಯವರನ್ನು ಸೇರಿಸುವುದು, ಕೆಲಸ ಮಾಡಿಸುವುದು, ಮಾಲಕರಿಗೆ ಲೆಕ್ಕ ಒಪ್ಪಿಸುವುದು. ತೊಂಬತ್ತರ ದಶಕದ ಕೊನೆಗೆ ಆ ಗಣಿ ಮುಚ್ಚಿತು. ಮಲೆನಾಡಿನ ಕಾಫಿ ತೋಟಗಳಲ್ಲಿ ಬೇಸಿಗೆಗೆ ಮರ ಹತ್ತುವವರು ಬೇಕಾಗಿದ್ದಾರೆ ಎಂದು ಒಬ್ಬ ಗುತ್ತೇದಾರ ಹೇಳಿದ. ನಾನು ನಮ್ಮೂರಿನಿಂದ ಜನ ಕೂಡಿಸಿದೆ. ಮೊದಲು ಕೇಳಿದ್ದು ಮೊಗಲಪ್ಪನನ್ನು. ಕಾಡಿನಲ್ಲಿ ಬೆಳೆದವನು, ಮರ ಹತ್ತಿದರೆ ಅಳಿಲು. ಸೇಡಮಿಗೆ ಬಸ್ಸು, ವಾಡಿಯಲ್ಲಿ ದೊಡ್ಡ ರೈಲು. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಬುತ್ತಿ ಬಿಚ್ಚಿ ತಿನ್ನುತ್ತಾ ಅವನು, "ಕಾಫಿ ಗಿಡಾ ಎಷ್ಟು ಎತ್ತರ ಇರ್ತಾವ?" ಎಂದು ಕೇಳಿದ. ಎದೆಮಟ್ಟ ಎಂದೆ. "ಅದನ್ನ ಹತ್ತಲಿಕ್ಕ ನಮ್ಮನ್ನ ಕರ್ಕೊಂಡು ಹೊಂಟೀಯೇನು?" ಎಂದ.

ಹತ್ತಬೇಕಾದದ್ದು ಕಾಫಿಯ ನೆರಳಿನ ಮರಗಳನ್ನು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಮೊದಲ ದಿನವೇ ನಮ್ಮನ್ನು ನಿಲ್ಲಿಸಿ ತೋರಿಸಿದರು. ಮೇಲೆ ಹೊನ್ನೆ, ನಂದಿ, ಅತ್ತಿಯಂಥ ಕಾಡಿನ ದೊಡ್ಡ ಮರಗಳು. ಅವುಗಳ ಕೆಳಗೆ, ಕಾಫಿಯ ತಲೆಗೆ ಹತ್ತಿರವಾಗಿ, ಸಾಲುಸಾಲಾಗಿ ಹಾಲವಾಣ.

"ಇದೇ ನಮ್ಮ ಕೊಡೆ," ಎಂದರು ರೈಟರು. "ಮಳೆ ಹಿಡಿಯೋ ಹೊತ್ತಿಗೆ ಗೂಟ ಕಡಿದು ನೆಟ್ಟರೆ ಸಾಕು, ಬೇರು ಬಿಡುತ್ತೆ. ಬೇಸಿಗೆಗೆ ನೆರಳು, ಎಲೆ ಉದುರಿದರೆ ಗೊಬ್ಬರ, ಮೈಗೆ ಮೆಣಸಿನ ಬಳ್ಳಿ. ಮಳೆಗೆ ಮುಂಚೆ ಕೊಂಬೆ ಕಡಿದು ಬೆಳಕು ಬಿಡಬೇಕು. ಇಲ್ಲದಿದ್ದರೆ ತೋಟ ಕತ್ತಲಾಗಿ ಕಾಯಿ ಕೊಳೆಯುತ್ತೆ. ಮರಗಸಿ ಅಂತೀವಿ ನಾವು."

ಮೊಗಲಪ್ಪ ಆ ಸಾಲುಗಳನ್ನು ನೋಡುತ್ತ ನಿಂತುಬಿಟ್ಟಿದ್ದ. ಅವನ ಕತ್ತು ತಾನೇ ಓರೆಯಾಗಿತ್ತು. "ಯಪ್ಪಾ, ಇಷ್ಟು ಗಂಬ! ಯಾರ ಮದುವಿರಿ ಇದು, ಇಷ್ಟು ದೊಡ್ಡ ಹಂದರ?"

ಅವನು ಹಾಲವಾಣವನ್ನು ಹತ್ತಲಿಲ್ಲ. ಹೊನ್ನೆ ಹತ್ತಿದ, ನಂದಿ ಹತ್ತಿದ, ಇತರರು ಕೆಳಗೆ ನಿಂತು ನೋಡಲೂ ಅಂಜುವಂಥ ಕೊಂಬೆಗಳ ತನಕ ಹೋದ. ಹೊನ್ನೆಯ ಗಾಯದಿಂದ ಕೆಂಪು ಹಾಲು ಸೋರಿ ಅಂಗಿಯೆಲ್ಲ ರಕ್ತವಾದಂತೆ ಕಾಣುತ್ತಿತ್ತು. ಹಾಲವಾಣದ ಸಾಲು ಬಂದರೆ ಮಾತ್ರ ಕತ್ತಿ ಕೆಳಗಿಡುತ್ತಿದ್ದ. "ಹೆಗಲ ಮ್ಯಾಲ ಹೊತ್ತಿದ್ದಕ್ಕ ಕಾಲ ಹ್ಯಾಂಗ ಇಡಲಿ? ಆಗಂಗಿಲ್ಲ." ಮೊಗಲಪ್ಪನ ಪಾಲಿನ ಹಾಲವಾಣವನ್ನು ಇನ್ನೊಬ್ಬ ಹತ್ತುವುದು, ಆ ಇನ್ನೊಬ್ಬನ ಪಾಲಿನ ಅಂಜಿಕೆಯ ಮರಗಳನ್ನು ಮೊಗಲಪ್ಪ ಹತ್ತುವುದು. ಹೀಗೆ ಬದಲಿ ಮಾಡಿಕೊಂಡು ಒಂದು ಬೇಸಿಗೆ ಕಳೆಯಿತು. ಮರುವರ್ಷವೂ ಹಾಗೇ ನಡೆದಿತ್ತು.

ಆ ವರ್ಷ ಮಳೆ ಬೇಗ ಬರುವ ಲಕ್ಷಣ ಕಂಡಿತು. ಊರಿನಲ್ಲಿ ಬಿತ್ತಿಗೆಯ ಕೆಲಸವೆಂದು ನಮ್ಮ ಜನ ಒಬ್ಬೊಬ್ಬರಾಗಿ ಹೊರಟರು. ಬದಲಿಯವನೂ ಹೋದ. ಮೊಗಲಪ್ಪನನ್ನು ಬಿಟ್ಟರೆ ಇನ್ನಿದ್ದವರು ಕೆಳಗೆ ಕೊಂಬೆ ಎಳೆಯುವವರಷ್ಟೇ. ಉಳಿದದ್ದು ಇಳಿಜಾರಿನ ಒಂದು ತುಂಡು, ಅಷ್ಟೂ ಹಾಲವಾಣ. ಅದನ್ನು ಮುಗಿಸದಿದ್ದರೆ ಮುಂದಿನ ವರ್ಷ ಬೇರೆ ಮುಕದಮನನ್ನು ನೋಡಿಕೊಳ್ಳುತ್ತೇವೆ ಎಂದು ರೈಟರು ನನಗೆ ಹೇಳಿಕಳಿಸಿದ್ದರು. ಅಂದು ಬೆಳಿಗ್ಗೆ ಒಂದು ಮಳೆ ಬಿದ್ದು ನಿಂತಿತ್ತು. ತೊಗಟೆಯ ಮೇಲೆ ನೀರು ಇನ್ನೂ ಇಳಿಯುತ್ತಿತ್ತು. ಒದ್ದೆ ಹಾಲವಾಣ ಲಟಕ್ಕನೆ ಮುರಿಯುತ್ತದೆ, ಬಿದಿರಿನ ಏಣಿ ಇಟ್ಟು ಕಡಿಯಿರಿ ಎಂದು ಅವರು ಎಂದೋ ಹೇಳಿದ್ದರು. ಏಣಿ ಗುಡ್ಡದ ಆಚೆಯ ತುಂಡಿನಲ್ಲಿತ್ತು.

"ಹತ್ತು," ಎಂದೆ.

"ನಂಗ ಅದೊಂದು ಹೇಳಬ್ಯಾಡ. ನಾಳಿ ಏಣಿ ತರ್ತೀನಿ, ಏಣಿ ಮ್ಯಾಲ ನಿಂತು ಕಡೀತೀನಿ. ಏಣಿ ಮ್ಯಾಲ ಕಾಲಿಟ್ರ ಗಿಡದ ಮ್ಯಾಲ ಇಟ್ಟಂಗಲ್ಲ."

"ನಾಳಿ ಮಳಿ ಹಿಡೀತದ. ನಿನ್ನ ದೇವ್ರು ಚಿಂಚೋಳ್ಯಾಗ ಉಳದಾನ, ಇಲ್ಲಿ ಇದು ಬರೇ ಕಟ್ಟಿಗಿ. ಹತ್ತತೀಯೋ ಇಲ್ಲಾ ಸೀರಿ ತಂದು ಕೊಡ್ಲೇನು, ಉಟ್ಕೊಂಡು ಮನಿಗಿ ಹೋಗು?"

ಅಲ್ಲಿದ್ದವರು ನಕ್ಕರು. ಜನ ನಗುವಂತೆ ಮಾತಾಡುವವನು ಅವನಾಗಿದ್ದ. ಅಂದು ಅವನ ಮೇಲೆ ನಕ್ಕರು. ಅವನು ನನ್ನ ಮುಖವನ್ನೊಮ್ಮೆ ನೋಡಿದ. ಚಪ್ಪಲಿ ಬಿಟ್ಟು, ಹಣೆಯನ್ನು ತೊಗಟೆಗೆ ಹಚ್ಚಿ, "ತಪ್ಪಾತವ್ವ" ಎಂದು ಹತ್ತಿದ. ಮೊದಲ ಮರ ಮುಗಿಸಿದ. ಎರಡನೆಯದರಲ್ಲಿ ಕವಲಿನಿಂದ ಕೊಂಬೆಗೆ ಕಾಲು ಬದಲಿಸುವಾಗ ಕೊಂಬೆ ಮುರಿಯಿತು. ಕೂಗಿಕೊಳ್ಳಲೂ ಅವನಿಗೆ ಹೊತ್ತಿರಲಿಲ್ಲ. ಕಡಿದ ಕಾಫಿಯ ಮೋಟಿನ ಮೇಲೆ ಬಿದ್ದ, ಸೊಂಟ ಮೋಟಿಗೆ ತಾಗಿ.

ನೋವಿಗೆಂದು ಯಾರೋ ಒಬ್ಬ ತನ್ನ ಹತ್ತಿರ ಇದ್ದ ಸಾರಾಯಿಯನ್ನು ಅವನ ಸೊಂಟಕ್ಕೆ ಸುರಿದು ತಿಕ್ಕಿದ. ರೈಟರು ಜೀಪು ತಂದರು. ಎತ್ತಿ ಹಾಕುವಾಗ ಅವರಿಗೆ ವಾಸನೆ ಬಡಿಯಿತು. ನನ್ನ ಕಡೆ ತಿರುಗಿ, "ಮಳೆ ಬಿದ್ದ ಮರಕ್ಕೆ ಏಣಿ ಇಲ್ಲದೆ ಯಾರು ಹತ್ತಿಸಿದ್ದು? ಇವನು ಕುಡಿದಿದ್ದನಾ?" ಎಂದು ಕೇಳಿದರು.

ಎರಡು ಪ್ರಶ್ನೆ ಕೇಳಿದ್ದರು. ನಾನು ಎರಡನೆಯದಕ್ಕಷ್ಟೇ ಉತ್ತರ ಕೊಟ್ಟೆ. "ಹೌದ್ರಿ. ಕುಡಿದಿದ್ದ. ಬ್ಯಾಡ ಅಂದ್ರೂ ಕೇಳಲಿಲ್ಲ."

ಮೊಗಲಪ್ಪನಿಗೆ ಪ್ರಜ್ಞೆ ಇತ್ತು. ಅವನು ಕೇಳಿಸಿಕೊಂಡ. ಸುತ್ತ ನಿಂತ ನಮ್ಮವರೂ ಕೇಳಿಸಿಕೊಂಡರು. ಮುಂದಿನ ವರ್ಷದ ಕೆಲಸ ನನ್ನ ಕೈಯಲ್ಲಿತ್ತು, ಯಾರೂ ಮಾತಾಡಲಿಲ್ಲ. ಕುಡಿದು ಬಿದ್ದವನಿಗೆ ತೋಟ ಹೊಣೆಯಲ್ಲ ಎಂದು ಮಾಲಕರು ಆಸ್ಪತ್ರೆಯ ಆಚೆಗೆ ಕೈ ತೊಳೆದುಕೊಂಡರು. ನನ್ನ ಮುಕದಮಿಕೆ ಉಳಿಯಿತು.

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಅವನನ್ನು ಕರೆದುಕೊಂಡು ಸೇಡಂ ಸ್ಟೇಷನ್ನಿನಲ್ಲಿ ಇಳಿದಾಗ ಅವನ ಹೆಂಡತಿ ಬಂದು ನಿಂತಿದ್ದಳು. ಸೊಂಟದ ಪೆಟ್ಟಿಗೆ ಶಕ್ತಿಗೆಟ್ಟ ಗಂಡನ ಕಾಲು ನೋಡಲಿಲ್ಲ. ನೇರ ನನ್ನ ಮುಂದೆ ಬಂದಳು.

"ಅಣ್ಣಾ, ನೀವು ಓದಿದವರು. ನೀವು ಹೇಳ್ರಿ. ಖರೇನೇ ಕುಡಿದಿದ್ದನೇನು?"

"ಸುಳ್ಳ ಅದ!" ಬೆಂಚಿನ ಮೇಲಿಂದ ಮೊಗಲಪ್ಪ ಒದರಿದ. "ಇವನೇ ಹತ್ತಿಸ್ಯಾನ. ಗಂಬದ ಆಣಿ, ಒಂದು ಹನಿ ಬಾಯಾಗ ಹಾಕಿಲ್ಲ ನಾ!"

ಅವಳು ಅವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಒಬ್ಬ ಚಿರತೆಯ ಜೊತೆ ಮಾತಾಡಿದವನು. ಇನ್ನೊಬ್ಬ ತಮಾಷೆಗೂ ಸುಳ್ಳು ಹೇಳದವನೆಂದು ಊರು ತಿಳಿದವನು. ಆ ಕ್ಷಣದಲ್ಲಿ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಮುಂದಿನ ವರ್ಷದ ಹೊತ್ತಿಗೆ ಕೂಲಿಯ ಜನ ನನ್ನನ್ನು ಬಿಡುತ್ತಾರೆ, ಹೆಸರು ಹೋಗುತ್ತದೆ, ಅಷ್ಟೇ ನನಗೆ ಆಗಬಹುದಾಗಿದ್ದ ನಷ್ಟ.

"ಸ್ವಲ್ಪ ತಗೊಂಡಿದ್ದವ್ವ," ಎಂದೆ. ಸ್ವಲ್ಪ ಎಂದರೆ ದಯೆ ತೋರಿಸಿದಂತೆ ಎಂದು ನನಗೆ ಆಗ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಅವಳು ಕೊಡಲಿ ತೆಗೆದುಕೊಂಡು ಅಂಗಳದ ಹಾಲವಾಣವನ್ನು ಕಡಿದಳು. ಮೆತ್ತಗಿನ ಮರ, ಬೇಗ ಬಿತ್ತು. ಮಂಚದ ಮೇಲಿಂದ ಮೊಗಲಪ್ಪ ನೋಡುತ್ತಿದ್ದ. ಅವಳು ಬೈಯಲಿಲ್ಲ, ಅಳಲಿಲ್ಲ, ಮನೆ ಬಿಟ್ಟು ಹೋಗಲೂ ಇಲ್ಲ. ಅವನನ್ನು ತೊಳೆದಳು, ತಿನ್ನಿಸಿದಳು, ಎತ್ತಿ ಕೂರಿಸಿದಳು. ಊಟದ ಗಂಗಾಳ ಮುಂದಿಟ್ಟರೆ ಅದರ ಸಪ್ಪಳ ಅಷ್ಟೇ. ಅವನ ಜೊತೆ ಮಾತು ಬಿಟ್ಟಳು.

ಹಾಲವಾಣ ಕಡಿದರೆ ಸಾಯುವ ಮರವಲ್ಲ. ಮಳೆ ಬಿದ್ದಾಗ ಬುಡದಿಂದ ಚಿಗುರು ಒಡೆಯಿತು. ಅವಳು ಅದನ್ನೂ ಕೊಯ್ದು ಆಡುಗಳಿಗೆ ಹಾಕಿದಳು. ಮರು ಮಳೆಗಾಲಕ್ಕೆ ಮತ್ತೆ ಒಡೆಯಿತು, ಮತ್ತೆ ಕೊಯ್ದಳು. ನನ್ನ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ಅವರ ಅಂಗಳದ ಮುಂದೆಯೇ ಹಾಯುತ್ತದೆ. ವರ್ಷ ವರ್ಷವೂ ನಾನು ನೋಡುತ್ತಿದ್ದೆ.

ಮೊಗಲಪ್ಪನನ್ನು ಮತ್ತೆ ಯಾರೂ ಕಂಬಕ್ಕೆ ಕರೆಯಲಿಲ್ಲ. ಬಡಿಗೆ ಹಿಡಿದು ನಡೆಯುವವನು ಹೇಗೆ ಹೊರಬೇಕು ಎಂದು ಮುಖದ ಮುಂದೆ ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದದ್ದು ಬೇರೆ. ಅವನ ಕೈಯಿಂದ ಹಿಂದೆ ನೆಡಿಸಿಕೊಂಡವರೂ, ಆಗಲೂ ಕುಡಿದೇ ಹೊತ್ತಿದ್ದನೋ ಏನೋ ಎಂದರು. ಒಂದು ಮನೆಯಲ್ಲಿ ಸೊಸೆ ತವರಿಗೆ ಹೋಗಿ ಕುಳಿತಿದ್ದಳು. ಅದನ್ನೂ ಇವನ ಲೆಕ್ಕಕ್ಕೆ ಹಚ್ಚಿದರು. ಕ್ರಮೇಣ ಶಾಮಿಯಾನದವರ ಕಬ್ಬಿಣದ ಪೈಪು ಬಂತು. ಪೈಪಿಗೆ ಹಾಲವಾಣದ ಒಂದು ಟೊಂಗೆ ಕಟ್ಟಿ ಶಾಸ್ತ್ರ ಮುಗಿಸಿದರು. ಅವನು ಕಟ್ಟೆಯ ಮೇಲೆ ಕುಳಿತು ಮೆರವಣಿಗೆ ನೋಡುತ್ತಿದ್ದ. ಮೊದಮೊದಲು, ನಾನು ಕುಡಿದಿರಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ಚಿರತಿಗಿ ಸಾಕ್ಷಿ ಹಾಕ್ತೀಯೇನು ಮೊಗಲ್ಯಾ?" ಎಂದು ನಕ್ಕರು. ಆಮೇಲೆ ಅವನು ಯಾವ ಕತೆಯನ್ನೂ ಹೇಳಲಿಲ್ಲ. ಹೆಗಲಿನ ದಡ್ಡು ಕರಗಿ ಚರ್ಮ ಸಡಿಲಾಯಿತು. ಕತ್ತಿನ ಓರೆ ಮಾತ್ರ ಹೋಗಲಿಲ್ಲ.

ಕೆಲವು ವರ್ಷಗಳಾದ ಮೇಲೆ, ಅವನಿಗೆ ಬಹಳವಾಗಿದೆ ಎಂದು ಕೇಳಿ ಒಂದು ಮಧ್ಯಾಹ್ನ ಹೋದೆ. ಮಂಚದ ಸುತ್ತ ಬೆನ್ನಿನ ಹುಣ್ಣಿನ ವಾಸನೆ. ಬಾಗಿಲ ಹತ್ತಿರ ಕುಳಿತು, "ನಂದು ತಪ್ಪಾತು ಮೊಗಲಪ್ಪಾ. ಮಾಫ್ ಮಾಡು," ಎಂದೆ.

ಅವನು ನಕ್ಕ. ಹಲ್ಲು ಉಳಿದಿರಲಿಲ್ಲ.

"ನನಗ್ಯಾಕ ಹೇಳ್ತಿ ಮಾರಾಯಾ? ಗಿಡದ ಮ್ಯಾಲ ನಾ ಇದ್ದೆ, ಬುಡಕ್ಕ ನೀ ಇದ್ದಿ. ಏನಾತು ಅಂತ ಇಬ್ಬರಿಗೂ ಗೊತ್ತದ. ಗೊತ್ತಿಲ್ಲದಾಕಿ ಅಲ್ಲಿ ಒಲಿ ಮುಂದ ಕುಂತಾಳ. ಹೋಗಿ ಅಕಿಗಿ ಹೇಳು. ನನ್ನ ಮಾಫಿ ಅಕಿ ಹತ್ರ ಅದ."

ನಾನು ಎದ್ದು ಒಳಗೆ ಹೋದೆ. ಅವಳು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ತಿರುಗಿ ನೋಡಿದಳು. "ಚಾ ಕುಡೀತೀರೇನ್ರಿ ಅಣ್ಣಾ?" ಎಂದಳು.

"ಹೂಂ," ಎಂದೆ.

ಚಹಾ ಕುಡಿದೆ. ಲೋಟ ಕೆಳಗಿಟ್ಟೆ. ಹೊರಗೆ ಬಂದೆ.

"ಹೇಳಿದಿ?" ಎಂದ ಮೊಗಲಪ್ಪ.

"ನಾಳಿ ಹೇಳ್ತೀನಿ."

"ಛಲೋ ಆತು," ಎಂದ. "ನಾ ಎಲ್ಲಿಗಿ ಹೋಗ್ತೀನಿ? ಇಲ್ಲೇ ಇರ್ತೀನಿ."

ಇರಲಿಲ್ಲ. ವಾರದೊಳಗೆ ಹೋದ. ಮಣ್ಣಿಗೆ ನಾನೂ ಹೋಗಿದ್ದೆ, ಹೆಗಲು ಕೊಟ್ಟೆ. ಯಾವ ಹೆಗಲು ಎಂದು ಈಗಲೂ ನೆನಪಿದೆ, ಬಲ ಹೆಗಲು. ಅವಳು ಬಾಗಿಲಲ್ಲೇ ನಿಂತಿದ್ದಳು. ಅಲ್ಲಿದ್ದ ಮುದುಕಿಯೊಬ್ಬಳು, ಒಂದು ಮಾತಾದರೂ ಆಡು, ಕಳಿಸಿಕೊಡು ಎಂದಳು. ಅವಳು ತುಟಿ ಬಿಚ್ಚಲಿಲ್ಲ.

ಅವಳು ಈಗಲೂ ಇದ್ದಾಳೆ. ಕಿವಿ ಮಂದ, ಬೆನ್ನು ಬಾಗಿದೆ. ಹೋದ ಮಳೆಗಾಲದಲ್ಲಿ ಹೇಳಲೇಬೇಕೆಂದು ಮತ್ತೆ ಹೋದೆ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬುಡದ ಚಿಗುರು ಕೊಯ್ಯುತ್ತಿದ್ದಳು. ಆಡುಗಳನ್ನು ಮಾರಿ ಎಷ್ಟೋ ಕಾಲವಾಗಿದೆ. ಕೊಯ್ದದ್ದನ್ನು ಸುಮ್ಮನೆ ಬೇಲಿಗೆ ಎಸೆಯುತ್ತಾಳೆ. ಅವಳ ಕೈಯಿಂದ ಕುಡುಗೋಲು ಜಾರುತ್ತಿತ್ತು.

"ಎಷ್ಟು ಕೊಯ್ದ್ರೂ ಬರ್ತದ ನೋಡ್ರಿ ಅಣ್ಣಾ, ಹರಾಮಿ," ಎಂದಳು. "ನಂಗ ಶಕ್ತಿ ಇಲ್ಲ. ಇಷ್ಟು ನೀವು ಕೊಯ್ದು ಕೊಡ್ರಿ."

ನಾನು ಕುಡುಗೋಲು ತೆಗೆದುಕೊಂಡೆ. ಕೊಯ್ದು ಕೊಟ್ಟೆ. ಮನೆಗೆ ಬಂದೆ.

ಅವನು ಹೇಳದ ಹೆಸರನ್ನು ನಾನಾದರೂ ಬರೆಯಬೇಕು. ನಾನು ಕ್ಷಮೆ ಕೇಳದೆ ಉಳಿದದ್ದು ಅವಳಲ್ಲಿ. ಮೊಗಲಪ್ಪನ ಹೆಂಡತಿ, ಬುಗ್ಗಮ್ಮ.